ಕಾಡಿನ ಮಣ್ಣು, ನೆಟ್ಟ ತೋಪಿನ ಮಣ್ಣು



ಕಿರುತೆರೆಯ ಮಾತುಕತೆಯಲ್ಲಿ ಮರಗಳ ಬಗ್ಗೆ ಮಾತನಾಡಲು ಸಮಯ ಸಿಗುತ್ತದೆ, ಮರದ ಬುಡದ ಮಣ್ಣಿನವರೆಗೆ ಬರುವಷ್ಟರಲ್ಲಿ ಗಡಿಯಾರ ಎಚ್ಚರಿಸುತ್ತದೆ. ಅಲ್ಲಿ ಉಳಿದುಹೋಗುವ ಆ ವಿಷಯವನ್ನು ಈ ಪುಟಗಳಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನೀವು ಜಯನಗರ, ಜೆ.ಪಿ. ನಗರ ಅಥವಾ ಬನಶಂಕರಿಯ ಕಡೆಯವರಾದರೆ ತುರಹಳ್ಳಿಯ ಕಾಡನ್ನು ನೋಡಿರುತ್ತೀರಿ. ಬನಶಂಕರಿಯಿಂದ ದಕ್ಷಿಣಕ್ಕೆ, ಕನಕಪುರ ರಸ್ತೆಯ ಸಮೀಪದಲ್ಲಿ ಸುಮಾರು 600 ಎಕರೆ ಹರಡಿಕೊಂಡಿರುವ ಬಂಡೆಗಳ ಗುಡ್ಡ ಅದು. ಬೆಳಗಿನ ಹೊತ್ತು ನಡೆದಾಡಲು ಬರುವವರಿಗೆ ಅದೆಲ್ಲವೂ ಒಂದೇ ಹಸಿರು. ಆದರೆ ಸ್ವಲ್ಪ ನಿಂತು ನೋಡಿದರೆ ಅಲ್ಲಿ ಎರಡು ಬಗೆಯ ಕಾಡುಗಳಿವೆ. ಒಂದು ಕಡೆ ಕಾರೆ, ಬಂದರಿಕೆ, ಕಗ್ಗಲಿಯಂಥ ಕುರುಚಲು ಗಿಡಗಳು ತಮಗೆ ಬೇಕಾದಲ್ಲಿ ಬೇಕಾದಂತೆ ಬೆಳೆದಿವೆ. ಇನ್ನೊಂದು ಕಡೆ ನೀಲಗಿರಿ ಮರಗಳು ಸೈನಿಕರಂತೆ ಸಾಲಾಗಿ ನಿಂತಿವೆ. ಮೊದಲನೆಯದು ತಾನಾಗಿ ಬೆಳೆದದ್ದು, ಎರಡನೆಯದು ನಾವು ನೆಟ್ಟದ್ದು.

ಈಗ ಬಗ್ಗಿ ನೆಲವನ್ನು ನೋಡಿ. ಕುರುಚಲು ಗಿಡಗಳ ಕೆಳಗೆ ತರಗೆಲೆ ಕೊಳೆತು ಪುಡಿಯಾಗಿ, ಮಣ್ಣು ಕಪ್ಪಗೆ ಮೆತ್ತಗಾಗಿರುತ್ತದೆ. ನೀಲಗಿರಿಯ ಕೆಳಗೆ ಎಲೆ ಮತ್ತು ಸುಲಿದ ತೊಗಟೆ ಒಣಗಿ ಹಾಗೆಯೇ ಬಿದ್ದಿರುತ್ತದೆ. ಅದನ್ನು ಸರಿಸಿದರೆ ಕೆಳಗೆ ಗಟ್ಟಿಯಾದ ಕೆಂಪು ಮಣ್ಣು. ಎರಡು ಜಾಗಗಳಿಗೂ ಬಿದ್ದ ಮಳೆ ಒಂದೇ, ಕಾದ ಬಿಸಿಲು ಒಂದೇ, ಕೆಳಗಿನ ಬಂಡೆಯೂ ಒಂದೇ. ಹಾಗಿದ್ದೂ ಒಂದು ಕಡೆ ಎಲೆ ಮಣ್ಣಾಯಿತು, ಇನ್ನೊಂದು ಕಡೆ ಆಗಲಿಲ್ಲ. ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ಒಂದು ಕುತೂಹಲಕರ ಚರಿತ್ರೆಯನ್ನು ತಲುಪುತ್ತೇವೆ. ಅದು ಮಣ್ಣಿನ ಕಿಣ್ವಗಳ ಚರಿತ್ರೆ. ಅದರಲ್ಲಿ ಬೆಂಗಳೂರಿಗೂ ಒಂದು ಪಾಲಿದೆ.

ರಾಗಿ ಹೇಳುವ ಪಾಠ

ಕಿಣ್ವ ಎಂದರೇನು? ನಮ್ಮ ಅಡುಗೆಮನೆಯಿಂದಲೇ ಆರಂಭಿಸೋಣ. ಸಾಮಾನ್ಯ ರಾಗಿ ಹಿಟ್ಟಿನ ಗಂಜಿ ಕಾಯಿಸಿದರೆ ಬೇಗನೆ ಗಟ್ಟಿಯಾಗುತ್ತದೆ. ಅದೇ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಬೀಸಿದ ಹಿಟ್ಟಿನ ಗಂಜಿ ತೆಳ್ಳಗಿರುತ್ತದೆ, ತುಸು ಸಿಹಿಯೂ ಆಗಿರುತ್ತದೆ. ಎಳೆಯ ಮಕ್ಕಳಿಗೆ ಅದನ್ನೇ ಕೊಡಬೇಕೆಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಪದಾರ್ಥ ಹುಟ್ಟಿ, ಪಿಷ್ಟದ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಕ್ಕರೆಯನ್ನಾಗಿ ಮಾಡುತ್ತದೆ. ಇಂಥ ಕೆಲಸ ಮಾಡುವ ಪದಾರ್ಥವೇ ಕಿಣ್ವ. ತಾನು ವ್ಯಯವಾಗದೆ ಒಂದು ರಾಸಾಯನಿಕ ಕ್ರಿಯೆಯನ್ನು ಸಾವಿರಾರು ಪಟ್ಟು ವೇಗಗೊಳಿಸುವುದು ಅದರ ಗುಣ.

1833ರಲ್ಲಿ ಫ್ರಾನ್ಸಿನ ಪಾಯನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನಜ್ಞರು ಮೊಳಕೆ ಬಂದ ಬಾರ್ಲಿಯಿಂದ ಪ್ರತ್ಯೇಕಿಸಿದ್ದು ಇದೇ ಜಾತಿಯ ಕಿಣ್ವವನ್ನು. 1878ರಲ್ಲಿ ಜರ್ಮನಿಯ ಕ್ಯೂನೆ ಇವುಗಳಿಗೆ ಎಂಜೈಮ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಹುಳಿಸುವ ಹಿಟ್ಟಿನೊಳಗಿರುವುದು ಎಂಬ ಅರ್ಥ ಬರುತ್ತದೆ. ನಮ್ಮ ಕಿಣ್ವ ಎಂಬ ಪದದ ಹಿನ್ನೆಲೆಯೂ ಹೆಚ್ಚು ಕಡಿಮೆ ಅದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆ ತಯಾರಿಸುವ ವಿಧಾನ ಹೇಳುವಾಗ ಹುದುಗು ಬರಿಸುವ ಪದಾರ್ಥಕ್ಕೆ ಈ ಹೆಸರು ಬಂದಿದೆ. ಎರಡು ದೂರದ ನಾಡುಗಳು ಒಂದೇ ಅನುಭವಕ್ಕೆ ಹೆಸರಿಟ್ಟ ಪರಿ ಇದು.

ಇನ್ನು ಮಣ್ಣಿಗೆ ಬರೋಣ. ಮರದಿಂದ ಬಿದ್ದ ಎಲೆಯನ್ನು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ತಿನ್ನುತ್ತವೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಆದರೆ ಅವುಗಳಿಗೆ ಬಾಯಿಲ್ಲ, ಹಲ್ಲಿಲ್ಲ. ಎಲೆಯ ನಾರು ಅವುಗಳ ದೇಹಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ಅವು ತಮ್ಮ ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಆಹಾರವನ್ನು ಹೊರಗಡೆಯೇ ಜೀರ್ಣಿಸಿ, ಬಳಿಕ ಹೀರಿಕೊಳ್ಳುತ್ತವೆ. ಹೀಗೆ ಹೊರಬಂದ ಕಿಣ್ವಗಳಲ್ಲಿ ಕೆಲವು ಜೇಡಿಯ ಕಣಗಳಿಗೆ, ಹ್ಯೂಮಸ್ಸಿಗೆ ಅಂಟಿಕೊಂಡು, ಅವನ್ನು ಸ್ರವಿಸಿದ ಜೀವಿ ಸತ್ತ ಮೇಲೂ ಕೆಲಸ ಮುಂದುವರಿಸುತ್ತವೆ. ಅಂದರೆ ಮಣ್ಣಿಗೆ ತನ್ನದೇ ಆದ ಜೀರ್ಣಶಕ್ತಿ ಇದೆ.

ಆ ಜೀರ್ಣಶಕ್ತಿಯಲ್ಲಿ ಹಲವು ಕಸುಬುದಾರರಿದ್ದಾರೆ. ಸೆಲ್ಯುಲೇಸ್ ಮತ್ತು ಬೀಟಾ ಗ್ಲುಕೋಸಿಡೇಸ್ ಎಲೆಯ ನಾರನ್ನು ಒಡೆದು ಗ್ಲುಕೋಸ್ ಮಾಡುತ್ತವೆ. ಯೂರಿಯೇಸ್ ಯೂರಿಯಾವನ್ನು ಒಡೆದು ಅಮೋನಿಯ ಬಿಡಿಸುತ್ತದೆ. ಫಾಸ್ಫಟೇಸ್, ಸಾವಯವ ವಸ್ತುವಿನೊಳಗೆ ಸಿಕ್ಕಿಕೊಂಡ ರಂಜಕವನ್ನು ಬೇರು ಹೀರಬಲ್ಲ ರೂಪಕ್ಕೆ ತರುತ್ತದೆ. ಡಿಹೈಡ್ರೋಜಿನೇಸ್ ಮಾತ್ರ ಹೊರಗೆ ಬರುವುದಿಲ್ಲ. ಅದು ಬದುಕಿರುವ ಜೀವಕೋಶಗಳ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಅದನ್ನು ಅಳೆದರೆ ಮಣ್ಣಿನಲ್ಲಿ ಈಗ ಎಷ್ಟು ಜೀವ ಉಸಿರಾಡುತ್ತಿದೆ ಎಂದು ಅಂದಾಜು ಮಾಡಬಹುದು.

ಬೆಂಗಳೂರಿನ ಪಾಲು

ಮಣ್ಣಿನಲ್ಲಿ ಕಿಣ್ವಗಳಿವೆ ಎಂಬ ಮಾತು ಮೊದಲು ಕೇಳಿಬಂದದ್ದು 1899ರಲ್ಲಿ. ಅಮೆರಿಕದ ಆಲ್ಬರ್ಟ್ ವುಡ್ಸ್ ಎಂಬ ಸಸ್ಯವಿಜ್ಞಾನಿ, ಕೊಳೆಯುವ ಸಸ್ಯಭಾಗಗಳಿಂದ ಬಂದ ಕೆಲವು ಕಿಣ್ವಗಳು ಮಣ್ಣಿನಲ್ಲಿ ಉಳಿದಿರುತ್ತವೆ ಎಂದು ವರದಿ ಮಾಡಿದರು. ಅದೇ 1899ರಲ್ಲಿ, ಮೈಸೂರಿನ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿ ಕೊಟ್ಟು ಕೃಷಿ ಸಂಶೋಧನೆಗೆ ನಾಂದಿ ಹಾಡಿದರು. ಡಾ. ಲೆಹ್ಮನ್ ಎಂಬ ರಸಾಯನಜ್ಞರು ಅಲ್ಲಿ ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಅಧ್ಯಯನ ಆರಂಭಿಸಿದರು. ಎರಡು ಘಟನೆಗಳಿಗೆ ನೇರ ಸಂಬಂಧವಿಲ್ಲದಿದ್ದರೂ, ಮಣ್ಣನ್ನು ಪ್ರಯೋಗಶಾಲೆಗೆ ತಂದು ನೋಡುವ ಕಾಲ ಎರಡು ಕಡೆಯೂ ಒಟ್ಟಿಗೆ ಬಂದಿತ್ತು ಎನ್ನಬಹುದು.

ಆಗ ಕಿಣ್ವ ಎಂದರೆ ಯಾವ ವಸ್ತು ಎಂಬುದೇ ವಿವಾದದಲ್ಲಿತ್ತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಂಥ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳಿನ ರೂಪದಲ್ಲಿ ಪಡೆದು, ಅದು ಒಂದು ಪ್ರೋಟೀನು ಎಂದು ತೋರಿಸಿದರು. ಬಹಳ ಜನ ನಂಬಲಿಲ್ಲ. 20 ವರ್ಷಗಳ ನಂತರ, 1946ರಲ್ಲಿ, ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು.

ಸಮ್ನರ್ ಅವರ ಸಂಶೋಧನೆಯ ಮರುವರ್ಷ, 1927ರಲ್ಲಿ, ಇಂಗ್ಲೆಂಡಿನ ಒಂದು ಕೃಷಿ ವಿಜ್ಞಾನ ಪತ್ರಿಕೆಯಲ್ಲಿ ವಿ. ಸುಬ್ರಹ್ಮಣ್ಯನ್ ಎಂಬ ಭಾರತೀಯ ತರುಣನ ಪ್ರಬಂಧಗಳು ಪ್ರಕಟವಾದವು. ನೀರು ನಿಂತ ಗದ್ದೆಯ ಮಣ್ಣಿನ ಜೀವರಸಾಯನ ಅವರ ವಿಷಯ. ಅಂಥ ಮಣ್ಣಿನಲ್ಲಿ ಡೀಅಮಿನೇಸ್ ಎಂಬ ಕಿಣ್ವವಿದೆ, ಅಮೋನಿಯ ಉತ್ಪತ್ತಿಯಲ್ಲಿ ಅದರ ಪಾತ್ರವಿದೆ ಎಂದು ಅವರು ವಾದಿಸಿದರು. ಮಣ್ಣಿನ ಕಿಣ್ವಗಳ ಬಗ್ಗೆ ಪ್ರಪಂಚದಲ್ಲಿ ಬಂದ ಆರಂಭದ ಬರವಣಿಗೆಗಳಲ್ಲಿ ಇದೂ ಒಂದು. ಭತ್ತದ ಗದ್ದೆಗಳ ನಾಡಿನಿಂದ ಹೋದವರಿಗೆ ಈ ಪ್ರಶ್ನೆ ಹೊಳೆದದ್ದು ಸಹಜವೇ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗವನ್ನು ಬೆಳೆಸಿದರು. 1950ರಲ್ಲಿ ಮೈಸೂರಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು. ಆಹಾರ ವಿಜ್ಞಾನಿ ಎಂದೇ ನಮಗೆ ಪರಿಚಿತರಾದ ಅವರು ಮೊದಲು ಮಣ್ಣಿನ ವಿಜ್ಞಾನಿ ಎಂಬುದನ್ನು ನಾವು ಮರೆತಿದ್ದೇವೆ.

ಇನ್ನು ಅಳತೆಯ ಮಾತು. 1964ರಲ್ಲಿ ಕ್ಯಾಸಿಡಾ ಮತ್ತು ಅವರ ಸಂಗಡಿಗರು ಡಿಹೈಡ್ರೋಜಿನೇಸನ್ನು ಅಳೆಯುವ ಸುಲಭ ಕ್ರಮವೊಂದನ್ನು ಕೊಟ್ಟರು. ಮಣ್ಣಿಗೆ ಬಣ್ಣವಿಲ್ಲದ ಒಂದು ಟೆಟ್ರಜೋಲಿಯಂ ಲವಣವನ್ನು ಬೆರೆಸಿ, 37 ಡಿಗ್ರಿ ಉಷ್ಣತೆಯಲ್ಲಿ 24 ಗಂಟೆ ಇಡಬೇಕು. ಮಣ್ಣಿನಲ್ಲಿ ಜೀವವಿದ್ದರೆ ಅದು ಕೆಂಪಾಗುತ್ತದೆ. ಕೆಂಪು ಗಾಢವಾದಷ್ಟೂ ಜೀವ ಹೆಚ್ಚು. 1969ರಲ್ಲಿ ತಬತಬಾಯಿ ಮತ್ತು ಬ್ರೆಮ್ನರ್ ಫಾಸ್ಫಟೇಸಿಗೆ ಇಂಥದೇ ಒಂದು ಪರೀಕ್ಷೆ ತಂದರು. ಅದರಲ್ಲಿ ಒಂದು ಗಂಟೆಯಲ್ಲಿ ಹಳದಿ ಬಣ್ಣ ಬಿಡುತ್ತದೆ. ಅರಿಶಿನ ಮತ್ತು ಕುಂಕುಮದ ಈ ಎರಡು ಬಣ್ಣಗಳು ಇಂದಿಗೂ ಮಣ್ಣಿನ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿವೆ. ನಾವು ಬರಿಗಣ್ಣಿನಿಂದ ಮೆತ್ತಗಿದೆ, ಕಪ್ಪಗಿದೆ ಎಂದು ಹೇಳುತ್ತಿದ್ದುದಕ್ಕೆ ಈಗ ಅಂಕಿಯ ಆಧಾರ ಸಿಕ್ಕಿತು.

ನಮ್ಮ ನೆಲ, ನಾವು ನೆಟ್ಟ ಮರ

ಲಾಲ್‌ಬಾಗಿನ ಬಂಡೆಯ ಮೇಲೆ ನೀವು ಕುಳಿತಿರಬಹುದು. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಅಂಥ ಶಿಲೆ ಮಳೆ ಬಿಸಿಲಿಗೆ ಸವೆದು ಆದದ್ದೇ ನಮ್ಮ ದಕ್ಷಿಣ ಬೆಂಗಳೂರಿನ ಕೆಂಪು ಮಣ್ಣು. ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಆ ಬಣ್ಣ. ಈ ಕಬ್ಬಿಣವೇ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡದೆ ಸತಾಯಿಸುತ್ತದೆ. ಹೀಗಾಗಿ ಇಂಥ ನೆಲದಲ್ಲಿ ಬೆಳೆಯುವ ಕಾಡು, ತನ್ನ ಎಲೆಯಲ್ಲಿರುವ ರಂಜಕವನ್ನು ತಾನೇ ಮತ್ತೆ ಮತ್ತೆ ಬಳಸಿಕೊಂಡು ಬದುಕಬೇಕು. ಎಲೆ ಬೀಳಬೇಕು, ಕೊಳೆಯಬೇಕು, ಕಿಣ್ವ ಅದನ್ನು ಬಿಡಿಸಬೇಕು, ಬೇರು ಅದನ್ನು ಹಿಡಿಯಬೇಕು. ಈ ಚಕ್ರ ನಿಂತರೆ ಕಾಡು ಬಡವಾಗುತ್ತದೆ.

ಬನ್ನೇರುಘಟ್ಟದ ಕಡೆ ದಿಂಡಿಗ, ಜಾಲಾರಿ, ಶ್ರೀಗಂಧ, ಬಿದಿರು ಬೆಳೆಯುವ ಒಣ ಎಲೆಯುದುರುವ ಕಾಡಿನಲ್ಲಿ ಈ ಚಕ್ರ ಇಂದಿಗೂ ತಿರುಗುತ್ತಿದೆ. 1974ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಮರ ನೆಡುವುದು ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರು ಸುತ್ತಿನ ಹಳ್ಳಿಹಳ್ಳಿಗೂ ಒಂದು ಗುಂಡುತೋಪು ಇರುತ್ತಿತ್ತು. ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಯ ಆ ತೋಪುಗಳೂ ಮನುಷ್ಯರು ನೆಟ್ಟವೇ. ಆದರೆ ಅಲ್ಲಿ ಹಲವು ಜಾತಿಯ ಮರಗಳಿದ್ದವು. ಅವನ್ನು ಏಳೆಂಟು ವರ್ಷಕ್ಕೊಮ್ಮೆ ಕಡಿಯುತ್ತಿರಲಿಲ್ಲ. ದನಕರು ಅಲ್ಲೇ ಮಲಗಿ ಗೊಬ್ಬರ ಹಾಕುತ್ತಿದ್ದವು. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ನೆಟ್ಟ ತೋಪೂ ಕಾಲಾಂತರದಲ್ಲಿ ಕಾಡಿನ ಗೌರವ ಪಡೆಯಬಹುದು ಎಂಬುದಕ್ಕೆ ಅದು ಸಾಕ್ಷಿ.

ನೀಲಗಿರಿಯ ಕಥೆ ಬೇರೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದಲ್ಲಿ ಆಸ್ಟ್ರೇಲಿಯಾ ಮೂಲದ ಈ ಮರಗಳನ್ನು ನೆಡಲಾಯಿತು ಎಂದು ಹೇಳಿಕೊಂಡು ಬಂದಿದ್ದಾರೆ. ನಂದಿಯ ಮರಗಳ ಬೀಜದಿಂದ ಬಂದ ತಳಿಗೆ ಮೈಸೂರು ಗಮ್ ಎಂದೇ ಹೆಸರಾಯಿತು. ಮಳೆ ಕಡಿಮೆಯಿರುವ ಕಡೆಯೂ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಕಡಿದರೆ ಬುಡದಿಂದಲೇ ಚಿಗುರುತ್ತದೆ. ಸೌದೆಗೂ ಕಾಗದದ ತಿರುಳಿಗೂ ಮರ ಬೇಕಾಗಿದ್ದ ಕಾಲಕ್ಕೆ ಇದಕ್ಕಿಂತ ಅನುಕೂಲವಾದ ಮರ ಬೇರೊಂದು ಕಾಣಲಿಲ್ಲ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರಿ ಅರಣ್ಯಗಳಲ್ಲಿಯೂ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ರೈತರ ಹೊಲಗಳಲ್ಲಿಯೂ ಅದು ಹರಡಿತು. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳು ನೀಲಗಿರಿಯ ತೋಪುಗಳಾದವು.

ಒಂದು ಜಗಳ, ಎರಡು ಹೋಲಿಕೆ

ಆಗ ಎದ್ದ ಜಗಳ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಹಾಕಿದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ನಡೆಯಿತು. ನೀಲಗಿರಿ ನೀರು ಕುಡಿಯುತ್ತದೆ, ಮಣ್ಣನ್ನು ಬಂಜೆ ಮಾಡುತ್ತದೆ ಎಂಬುದು ರೈತರ ದೂರು. ಬರಡಾಗಿದ್ದ ನೆಲಕ್ಕೆ ಹಸಿರು ಹೊದಿಸಿದ್ದೇವೆ, ಅದರಲ್ಲಿ ತಪ್ಪೇನು ಎಂಬುದು ಅರಣ್ಯಾಧಿಕಾರಿಗಳ ಉತ್ತರ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಂತೆ, ನೀರಿನ ವಿಷಯವನ್ನು ಪ್ರಮಾಣಿಸಿ ನೋಡಲಾಯಿತು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯವರು ನಮ್ಮ ಅರಣ್ಯ ಇಲಾಖೆಯೊಡನೆ ಸೇರಿ 1980ರ ದಶಕದ ಕೊನೆಯಲ್ಲಿ ಅಳತೆಗಳನ್ನು ಆರಂಭಿಸಿದರು. ಶಿವಮೊಗ್ಗದ ಕಡೆಯ ಕಾಡಿನ ತಾಣಗಳಲ್ಲಿ ನೀಲಗಿರಿಯು ಅಲ್ಲಿನ ಸ್ವಾಭಾವಿಕ ಕಾಡಿಗಿಂತ ಹೆಚ್ಚು ನೀರನ್ನೇನೂ ಬಳಸುತ್ತಿರಲಿಲ್ಲ. ಆದರೆ ಬೆಂಗಳೂರಿನ ಪಕ್ಕದ ಹೊಸಕೋಟೆಯ ಆಳವಾದ ಮಣ್ಣಿನ ಹೊಲದಲ್ಲಿ ಅದು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಎಳೆದುಕೊಳ್ಳುತ್ತಿತ್ತು. ಆಳದ ಮಣ್ಣಿನಲ್ಲಿ ಹಿಂದಿನಿಂದ ಉಳಿದಿದ್ದ ತೇವವನ್ನೂ ಹೀರುತ್ತಿತ್ತು. ಅದೇ ಹೊಲದಲ್ಲಿ ರಾಗಿ ಬೆಳೆದಿದ್ದರೆ ಅಷ್ಟು ನೀರು ಬೇಕಾಗುತ್ತಿರಲಿಲ್ಲ.

ಇಲ್ಲಿ ಒಂದು ಮುಖ್ಯ ಪಾಠವಿದೆ. ಅಧಿಕಾರಿಗಳು ನೀಲಗಿರಿಯನ್ನು ಒಂದಕ್ಕೆ ಹೋಲಿಸುತ್ತಿದ್ದರು, ರೈತರು ಇನ್ನೊಂದಕ್ಕೆ. ಒಬ್ಬರ ಮನಸ್ಸಿನಲ್ಲಿ ಬೋಳು ಗುಡ್ಡ, ಇನ್ನೊಬ್ಬರ ಮನಸ್ಸಿನಲ್ಲಿ ರಾಗಿ ಹೊಲ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು. ಮಣ್ಣಿನ ಕಿಣ್ವದ ವಿಷಯದಲ್ಲಿಯೂ ಈ ಎಚ್ಚರ ಬೇಕು. ನೆಟ್ಟ ತೋಪಿನ ಮಣ್ಣು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಯಾವುದಕ್ಕಿಂತ ಎಂದು ಕೇಳಬೇಕು.

ಮಣ್ಣು ಕೊಡುವ ಸಾಕ್ಷ್ಯ

ಸ್ವಾಭಾವಿಕ ಕಾಡಿನ ಪಕ್ಕದಲ್ಲೇ ಇರುವ ಒಂದೇ ಜಾತಿಯ ನೆಡುತೋಪನ್ನು ತೆಗೆದುಕೊಂಡರೆ, ಹಲವು ದೇಶಗಳ ಅನುಭವ ಹೆಚ್ಚಾಗಿ ಒಂದೇ ದಿಕ್ಕನ್ನು ತೋರಿಸುತ್ತದೆ. ಕಾಡಿನ ಮಣ್ಣಿನಲ್ಲಿ ಕಿಣ್ವಗಳ ಚಟುವಟಿಕೆ ಹೆಚ್ಚು, ತೋಪಿನ ಮಣ್ಣಿನಲ್ಲಿ ಕಡಿಮೆ. ಡಿಹೈಡ್ರೋಜಿನೇಸಿನಲ್ಲಿ ಈ ಅಂತರ ಬಹಳ ಸಲ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಕಾರಣಗಳು ನಿಗೂಢವೇನಲ್ಲ.

ಮೊದಲನೆಯದು ಊಟದ ವೈವಿಧ್ಯ. ಕಾಡಿನಲ್ಲಿ ಮೃದುವಾದ ಎಲೆ, ಒರಟು ಎಲೆ, ಹೂವು, ಹಣ್ಣು, ಹುಲ್ಲು, ಪ್ರಾಣಿಗಳ ಹಿಕ್ಕೆ ಎಲ್ಲವೂ ಬೇರೆ ಬೇರೆ ತಿಂಗಳಲ್ಲಿ ನೆಲಕ್ಕೆ ಬೀಳುತ್ತವೆ. ಅದಕ್ಕೆ ತಕ್ಕಂತೆ ಬೇರೆ ಬೇರೆ ಸೂಕ್ಷ್ಮಜೀವಿಗಳು ಬದುಕುತ್ತವೆ. ತೋಪಿನಲ್ಲಿ ವರ್ಷವಿಡೀ ಒಂದೇ ಅಡುಗೆ.

ಎರಡನೆಯದು ಎಲೆಯ ಗುಣ. ನೀಲಗಿರಿಯ ಎಲೆಯಲ್ಲಿ ಸಾರಜನಕ ಕಡಿಮೆ. ತೈಲ ಮತ್ತು ಒಗರಿನ ಅಂಶ ಹೆಚ್ಚು. ಈ ಒಗರು ಪದಾರ್ಥಗಳು ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಎಳೆಯ ಬಾಳೆಕಾಯಿ ಕಚ್ಚಿದಾಗ ನಾಲಗೆ ಹಿಡಿದಂತಾಗುವುದು ಇದೇ ಕಾರಣದಿಂದ. ಕಿಣ್ವವೂ ಪ್ರೋಟೀನೇ ಆದ್ದರಿಂದ ಅದರ ಕೈಯನ್ನೂ ಅವು ಕಟ್ಟಿಹಾಕುತ್ತವೆ.

ಮೂರನೆಯದು ನೆರಳು. ನೀಲಗಿರಿಯ ಎಲೆಗಳು ನೇತಾಡುವುದರಿಂದ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಮೇಲ್ಪದರದ ಮಣ್ಣು ಬೇಗ ಒಣಗುತ್ತದೆ. ತೇವವಿಲ್ಲದಲ್ಲಿ ಕಿಣ್ವಕ್ಕೆ ಕೆಲಸವಿಲ್ಲ.

ನಾಲ್ಕನೆಯದು ನಮ್ಮ ಕೈವಾಡ. ನೆಡುವಾಗ ನೆಲವನ್ನು ಅಗೆಯುತ್ತೇವೆ, ಕೆಲವೊಮ್ಮೆ ಉಳುತ್ತೇವೆ. ಕಿಣ್ವಗಳು ಹೆಚ್ಚಾಗಿ ಇರುವುದು ಮೇಲಿನ ಒಂದು ಗೇಣು ಮಣ್ಣಿನಲ್ಲಿ ಮಾತ್ರ. ಕೆಳಗೆ ಹೋದಂತೆಲ್ಲ ಕಡಿಮೆಯಾಗುತ್ತವೆ. ಆ ಪದರವನ್ನೇ ತಲೆಕೆಳಗು ಮಾಡಿದರೆ ನೂರಾರು ವರ್ಷದ ಗಳಿಕೆ ಚದುರಿಹೋಗುತ್ತದೆ. ಬಳಿಕ ಏಳೆಂಟು ವರ್ಷಕ್ಕೊಮ್ಮೆ ಮರ ಕಡಿದು ಸಾಗಿಸುತ್ತೇವೆ. ತರಗೆಲೆಯನ್ನೂ ಒಲೆಗೆ ಒಯ್ಯುತ್ತೇವೆ. ಮಣ್ಣಿಗೆ ಹಿಂತಿರುಗಬೇಕಾದದ್ದು ಹಿಂತಿರುಗುವುದಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಸ್ವಾಭಾವಿಕ ಕಾಡಿನ ಬದಲು ದನ ಮೇದು, ಮಳೆಗೆ ಕೊಚ್ಚಿಹೋದ ಬೋಳು ನೆಲಕ್ಕೆ ಹೋಲಿಸಿದರೆ, ಅದೇ ನೆಡುತೋಪಿನ ಮಣ್ಣು ಎಷ್ಟೋ ವಾಸಿ. ಸ್ವಲ್ಪವಾದರೂ ಎಲೆ ಬೀಳುತ್ತದೆ, ಸ್ವಲ್ಪವಾದರೂ ನೆರಳಿರುತ್ತದೆ. ವಯಸ್ಸಾದ ತೋಪಿನ ಕೆಳಗೆ ಬೇರೆ ಗಿಡಗಳು ಹುಟ್ಟಿಕೊಂಡರೆ ಕಿಣ್ವಗಳ ಚಟುವಟಿಕೆಯೂ ಚೇತರಿಸಿಕೊಳ್ಳಬಲ್ಲದು. ಮಲೆನಾಡಿನಲ್ಲಿ ಹರಡಿದ ಅಕೇಶಿಯಾ ತನ್ನ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಅದರ ಮಣ್ಣನ್ನು ನೀಲಗಿರಿಯ ಮಣ್ಣಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನೊಂದು ಸೂಕ್ಷ್ಮ. ಕಿಣ್ವ ಹೆಚ್ಚಿದ್ದರೆ ಯಾವಾಗಲೂ ಆರೋಗ್ಯವೆಂದು ತಿಳಿಯಬಾರದು. ರಂಜಕದ ಕೊರತೆಯಾದಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಫಾಸ್ಫಟೇಸನ್ನು ಹೆಚ್ಚಾಗಿ ಸ್ರವಿಸುತ್ತವೆ. ಅಲ್ಲಿ ಹಳದಿ ಗಾಢವಾಗಿರುವುದು ಸಮೃದ್ಧಿಯ ಗುರುತಲ್ಲ, ಹಸಿವಿನ ಗುರುತು. ಮಳೆಗಾಲದಲ್ಲಿ ತೆಗೆದ ಮಣ್ಣಿಗೂ ಬೇಸಗೆಯಲ್ಲಿ ತೆಗೆದ ಮಣ್ಣಿಗೂ ಬಹಳ ವ್ಯತ್ಯಾಸ ಬರುತ್ತದೆ. ಆದ್ದರಿಂದ ಒಂದು ದಿನ, ಒಂದು ಕಿಣ್ವ, ಒಂದು ಹಿಡಿ ಮಣ್ಣಿನಿಂದ ತೀರ್ಪು ಕೊಡಬಾರದು. ಒಳ್ಳೆಯ ವೈದ್ಯರು ನಾಡಿಯನ್ನಷ್ಟೇ ನೋಡಿ ಔಷಧಿ ಬರೆಯುವುದಿಲ್ಲ, ಅಲ್ಲವೇ?

ಲೆಕ್ಕದ ಕಾಡು, ನೆಲದ ಕಾಡು

ಇದೆಲ್ಲ ವಿಜ್ಞಾನಿಗಳ ಗೊಡವೆ, ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. 1987ರಿಂದ ನಮ್ಮ ದೇಶದಲ್ಲಿ ಕಾಡಿನ ವಿಸ್ತೀರ್ಣವನ್ನು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕುತ್ತಾ ಬಂದಿದ್ದಾರೆ. ಒಂದು ಹೆಕ್ಟೇರಿಗಿಂತ ದೊಡ್ಡದಾದ ಜಾಗದಲ್ಲಿ ಮರಗಳ ಹೊದಿಕೆ ನೂರಕ್ಕೆ 10ರಷ್ಟಿದ್ದರೆ ಅದು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರುತ್ತದೆ. ಮರ ಯಾವ ಜಾತಿಯದು, ನೆಟ್ಟದ್ದೋ ಹುಟ್ಟಿದ್ದೋ ಎಂಬ ಭೇದವಿಲ್ಲ. ಆಕಾಶದಿಂದ ನೋಡಿದರೆ ನೀಲಗಿರಿ ತೋಪೂ ಹಸಿರು, ಜಾಲಾರಿಯ ಕಾಡೂ ಹಸಿರು. ಕಾಡು ಕಡಿದು ತೋಪು ಬೆಳೆಸಿದರೆ ಲೆಕ್ಕದಲ್ಲಿ ಏನೂ ಕಳೆದುಹೋಗುವುದಿಲ್ಲ. ಕಳೆದುಹೋದದ್ದು ಏನೆಂದು ಹೇಳಬಲ್ಲದ್ದು ಮಣ್ಣು ಮಾತ್ರ.

ನಮ್ಮ ಭಾಗದಲ್ಲೇ ಈ ಪ್ರಶ್ನೆ ಬಾಗಿಲಿಗೆ ಬಂದಿತ್ತು. 2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ಬಡಾವಣೆಗಳ ನಾಗರಿಕರು ಅಲ್ಲಿಗೇ ಹೋಗಿ ಪ್ರತಿಭಟಿಸಿದರು. ಕಾಡಿಗೆ ಉದ್ಯಾನ ಬೇಡ, ಕಾಡು ಕಾಡಾಗಿಯೇ ಇರಲಿ ಎಂಬುದು ಅವರ ಮಾತು. ಯೋಜನೆ ನಿಂತಿತು. ಆದರೆ ಅಲ್ಲಿರುವ ನೀಲಗಿರಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು; ಆದರೆ ಮೊದಲೇ ನೆಟ್ಟದ್ದು ಆದೇಶದಿಂದ ಮಾಯವಾಗುವುದಿಲ್ಲ.

ಎಲ್ಲವನ್ನೂ ಯಂತ್ರ ಹಚ್ಚಿ ಬುಡಸಮೇತ ಕೀಳಬೇಕೆಂದು ಆವೇಶದಲ್ಲಿ ಹೇಳುವವರಿದ್ದಾರೆ. ಮಣ್ಣಿನ ಕಡೆಯಿಂದ ನೋಡಿದರೆ ಅದು ಎರಡನೆಯ ಗಾಯ. ಉಳಿದಿರುವ ಒಂದು ಗೇಣು ಮೇಲ್ಮಣ್ಣೂ ತಲೆಕೆಳಗಾಗುತ್ತದೆ. ಅದಕ್ಕಿಂತ, ಮರಗಳನ್ನು ಹಂತಹಂತವಾಗಿ ತೆಳುಗೊಳಿಸಿ, ಬುಡದ ಚಿಗುರನ್ನು ಮುರಿಯುತ್ತ, ಕೆಳಗೆ ತಾವಾಗಿ ತಲೆಯೆತ್ತುವ ನಾಡಗಿಡಗಳಿಗೆ ಬೆಳಕು ಬಿಟ್ಟು, ಕಡಿದ ರೆಂಬೆ ಎಲೆಗಳನ್ನು ಅಲ್ಲೇ ಕೊಳೆಯಲು ಬಿಡುವುದು ಮೇಲು ಎಂದು ನನಗೆ ತೋರುತ್ತದೆ. ಅದಕ್ಕೆ ತಾಳ್ಮೆ ಬೇಕು. ಸಸಿ ನೆಟ್ಟ ದಿನ ಛಾಯಾಚಿತ್ರ ತೆಗೆಯಬಹುದು; ಮಣ್ಣು ಗುಣವಾದ ದಿನ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಹತ್ತಾರು ವರ್ಷಗಳ ಕಾಲ ಬಣ್ಣದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರಷ್ಟೇ ಅದು ಗೊತ್ತಾದೀತು.

ನೀವೇ ಮಾಡಿ ನೋಡಿ

ಕೊನೆಯದಾಗಿ, ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಕಾಡಿನಲ್ಲಿ ಅಗೆಯಬೇಡಿ, ಅದಕ್ಕೆ ಅನುಮತಿ ಬೇಕು. ನಿಮ್ಮ ಕಾಂಪೌಂಡಿನ ಗಿಡದ ಬುಡದ ಮಣ್ಣು ಸಾಕು.

ಒಂದು ಚಮಚ ತೇವದ ಮಣ್ಣನ್ನು ಗಾಜಿನ ಲೋಟಕ್ಕೆ ಹಾಕಿ. ಅದೇ ಮಣ್ಣಿನ ಇನ್ನೊಂದು ಚಮಚವನ್ನು ಹಳೆಯ ಬಾಣಲೆಯಲ್ಲಿ ಅರ್ಧ ಗಂಟೆ ಚೆನ್ನಾಗಿ ಹುರಿದು, ಆರಿಸಿ, ಅಷ್ಟೇ ತೇವ ಮಾಡಿ ಇನ್ನೊಂದು ಲೋಟಕ್ಕೆ ಹಾಕಿ. ಔಷಧಿ ಅಂಗಡಿಯಲ್ಲಿ ಗಾಯ ತೊಳೆಯಲು ಸಿಗುವ ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣವನ್ನು ಎರಡಕ್ಕೂ ಸಮನಾಗಿ ಎರಡು ಚಮಚ ಸುರಿಯಿರಿ. ಹಸಿ ಮಣ್ಣಿನಲ್ಲಿ ನೊರೆ ಬುಸುಗುಟ್ಟಿ ಏಳುತ್ತದೆ. ಮಣ್ಣಿನ ಕ್ಯಾಟಲೇಸ್ ಎಂಬ ಕಿಣ್ವ ಆ ದ್ರಾವಣವನ್ನು ಒಡೆದು ಆಮ್ಲಜನಕ ಬಿಡಿಸುವುದೇ ಅದಕ್ಕೆ ಮುಖ್ಯ ಕಾರಣ. ಹುರಿದ ಮಣ್ಣಿನಲ್ಲಿ ನೊರೆ ಕಡಿಮೆ, ಏಕೆಂದರೆ ಬೆಂಕಿಗೆ ಕಿಣ್ವ ಕೆಟ್ಟುಹೋಗಿದೆ. ಅಲ್ಲಿಯೂ ಏಳುವ ಅಷ್ಟಿಷ್ಟು ನೊರೆ ಮಣ್ಣಿನ ಖನಿಜಗಳದ್ದು. ಎರಡರ ನಡುವಿನ ಅಂತರವೇ ಜೀವದ ಪಾಲು. ದ್ರಾವಣ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಮಕ್ಕಳು ಮಾಡುವುದಾದರೆ ಹಿರಿಯರು ಜೊತೆಯಲ್ಲಿರಲಿ.

ಇದೇ ಪ್ರಯೋಗವನ್ನು ಎಲೆಗೊಬ್ಬರ ಬೀಳುವ ಗಿಡದ ಬುಡದ ಮಣ್ಣಿಗೂ, ದಿನವೂ ಗುಡಿಸಿ ಬೋಳಾದ ಅಂಗಳದ ಮಣ್ಣಿಗೂ ಮಾಡಿ ಹೋಲಿಸಿ. ಜಯನಗರದ ಬೀದಿಗಳಲ್ಲಿ ಬೇಸಗೆಯ ಮುನ್ನ ಹೊಂಗೆಯ ಎಲೆ ಉದುರಿದಾಗ ಅದನ್ನು ಗುಡಿಸಿ, ರಾಶಿ ಹಾಕಿ, ಬೆಂಕಿ ಹಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಘನತ್ಯಾಜ್ಯ ನಿಯಮಗಳಂತೆ ಬಯಲಲ್ಲಿ ಕಸ ಸುಡುವುದು ತಪ್ಪು. ಕಾನೂನಿನ ಮಾತು ಹಾಗಿರಲಿ, ಆ ರಾಶಿಯಲ್ಲಿ ಸುಡುತ್ತಿರುವುದು ಮುಂದಿನ ವರ್ಷದ ಮಣ್ಣು ಎಂಬುದು ನಿಮ್ಮ ಲೋಟದ ನೊರೆ ನೋಡಿದ ಮೇಲೆ ಅರ್ಥವಾದೀತು.

ಮುಂದಿನ ಬಾರಿ ತುರಹಳ್ಳಿಗೋ ಬನ್ನೇರುಘಟ್ಟಕ್ಕೋ ಹೋದಾಗ ಮರದ ತುದಿಯನ್ನು ನೋಡಿದ ಮೇಲೆ ಒಮ್ಮೆ ಬುಡವನ್ನೂ ನೋಡಿ. ಎಲೆ ಮಣ್ಣಾಗುತ್ತಿದೆಯೇ? ಆಗುತ್ತಿದ್ದರೆ ಅದು ಕಾಡು. ಆಗುತ್ತಿಲ್ಲವಾದರೆ ಅದು ಕಾಡಾಗಲು ಇನ್ನೂ ಕಾಲ ಬೇಕು. ಆ ಕಾಲವನ್ನು ಅದಕ್ಕೆ ಬಿಟ್ಟುಕೊಡುವುದು ನಮ್ಮ ಕೈಯಲ್ಲಿದೆ.